ನೀರು ಪರೀಕ್ಷೆ ಕಿಟ್: ಬೋರ್‌ವೆಲ್‌ಗೆ ಒಳ್ಳೇದು, ಕಾಲುವೆ ನೀರಿಗೆ ಸಾಲದು

ಮನೆಯಲ್ಲೇ ನೀರು ಪರೀಕ್ಷೆ ಮಾಡುವ ಕಿಟ್ ತಗೋಬಹುದಾ ಅಂತ ಗಂಗಾವತಿ ಕಡೆಯವರು ನನ್ನನ್ನು ಕೇಳುತ್ತಿರುತ್ತಾರೆ. ಬೋರ್‌ವೆಲ್ ನೀರು ಕುಡಿಯುವವರು ಖಂಡಿತ ತಗೊಳ್ಳಿ. ಕಾಲುವೆ ನೀರು ಕುಡಿಯುವವರು ಈ ಕಿಟ್‌ಗೆ ಯಾವುದು ಗೊತ್ತಾಗಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕಳೆದ ಬೇಸಿಗೆಯಿಂದ ಇಂಥದ್ದೊಂದು ಕಿಟ್ ಬಳಸುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಸಣ್ಣ ಬಾಟಲಿಗಳು, ಟೆಸ್ಟ್ ಟ್ಯೂಬ್, ಬಣ್ಣದ ಪಟ್ಟಿ ಇರುತ್ತವೆ. ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ, ಫ್ಲೋರೈಡ್ ನೋಡಬಹುದು. ನನಗೆ ಬೇಕಿದ್ದದ್ದು ಫ್ಲೋರೈಡ್, ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಅಂಶ. ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮ ಸಂಬಂಧಿಕರಿದ್ದಾರೆ, ಅಲ್ಲಿ ಬೋರ್‌ವೆಲ್ಲೇ ಗತಿ. ನೀರಿಗೆ ಔಷಧದ ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಅದು ಹಳದಿಗೆ ತಿರುಗುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅವರ ಬೋರ್‌ವೆಲ್ ನೀರು 1.5ರ ಬಣ್ಣವನ್ನು ದಾಟಿ ಹಳದಿಯಾಯಿತು. ಮನೆಯ ಹಿರಿಯಕ್ಕ ನೋಡುತ್ತಾ ನಿಂತಿದ್ದರು. "ಕಾಸಿ ಕುಡಿದ್ರ ಹೋಗ್ತೈತೇನ್ರಿ?" ಅಂದರು. ಹೋಗಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಅವರು ಆವತ್ತಿನಿಂದ ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದ ತರುತ್ತಿದ್ದಾರೆ. ಈ ಒಂದು ಕೆಲಸಕ್ಕೇ ಕಿಟ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಕೊರತೆಗಳೂ ಇವೆ. ಸೂಚನೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಹಳ್ಳಿಗಳಲ್ಲಿ ಬಳಸಬೇಕಾದ ವಸ್ತುವಿಗೆ ಕನ್ನಡದ ಒಂದು ಹಾಳೆ ಹಾಕಬೇಕು. ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ತಿಳಿಯಲ್ಲ, ಹಗಲು ಹೊತ್ತಿನಲ್ಲಿ ಅಂಗಳದಲ್ಲಿ ಹಿಡಿದು ನೋಡಿ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಫ್ಲೋರೈಡ್ ಲೆಕ್ಕ ತಪ್ಪಬಹುದು. ಅಂಥ ನೀರನ್ನು ಬಾಯಿ ಅಗಲದ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟು ಆಮೇಲೆ ಪರೀಕ್ಷಿಸಿ.

ಆದರೂ ಫಿಲ್ಟರ್ ಮಾರುವವರು ತೋರಿಸುವ ಆಟಕ್ಕಿಂತ ಇದು ಸಾವಿರ ಪಾಲು ಮೇಲು. ಅವರು ಎರಡು ಲೋಟದಲ್ಲಿ ಕರೆಂಟಿನ ಸರಳು ಇಳಿಸುತ್ತಾರೆ. ನಮ್ಮ ನೀರು ಕೆಸರಿನ ಹಾಗೆ ಕಂದಾಗುತ್ತದೆ, ಅವರ ಆರ್‌ಓ ನೀರು ತಿಳಿಯಾಗಿರುತ್ತದೆ. ಆ ಕಂದು ಬಣ್ಣ ನೀರಿನ ಕೊಳೆ ಅಲ್ಲ, ಸರಳಿನ ಕಬ್ಬಿಣ ಕರಗಿ ಬಂದ ತುಕ್ಕು. ಉಪ್ಪಿನಂಶ ಇದ್ದ ಕಡೆ ಕರೆಂಟ್ ಹರಿಯುತ್ತದೆ, ಆರ್‌ಓ ಫಿಲ್ಟರ್ ಅದನ್ನು ಬಹುಪಾಲು ತೆಗೆದಿರುತ್ತದೆ, ಅಷ್ಟೆ. ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿಸಿ ಮತ್ತೆ ಮಾಡಿಸಿ ನೋಡಿ, ಅದೂ ಕಂದಾಗುತ್ತದೆ. ದಯವಿಟ್ಟು ಇದನ್ನು ನೋಡಿ ಹೆದರಿ ಸಾಲ ಮಾಡಬೇಡಿ.

ಇನ್ನು ಕಾಲುವೆ ನೀರು. ತುಂಗಭದ್ರಾ ಎಡದಂಡೆಯ ಕಾಲುವೆ ನೀರನ್ನೇ ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ನಮ್ಮಲ್ಲಿವೆ. ಸುತ್ತ ಭತ್ತದ ಗದ್ದೆ. ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಮೇಲೆ ಮಳೆ ಬಂದರೆ ಬಸಿನೀರಿನ ಜೊತೆ ಅದೂ ಹಳ್ಳಕ್ಕೆ ಇಳಿಯುತ್ತದೆ, ಕಾಲುವೆ, ಕೆರೆಗೂ ಸೇರಬಹುದು. ಅದನ್ನು ಈ ಕಿಟ್ ಹಿಡಿಯಲ್ಲ. ನೀರಿನಲ್ಲಿ ಕರಗಿದ ಒಟ್ಟು ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರ್ ಅಂತೂ ಹಿಡಿಯುವುದೇ ಇಲ್ಲ. ಐಎಸ್ 10500ರಲ್ಲಿ ಮೋನೊಕ್ರೋಟೊಫಾಸ್ ಅನ್ನುವ ಕೀಟನಾಶಕಕ್ಕೆ ಇರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಮೀಟರ್ ತೋರಿಸುವ ಅತಿ ಸಣ್ಣ ಅಂಕಿ 1 ಮಿಲಿಗ್ರಾಂ, ಅಂದರೆ ಅದರ ಸಾವಿರ ಪಟ್ಟು.

ಹುಡುಕಿದರೆ ಮಾತ್ರ ಸಿಗುತ್ತದೆ ಅನ್ನುವುದಕ್ಕೆ ಉದಾಹರಣೆಯಾಗಿ ಸ್ವೀಡನ್ನಿನ ವಿಜ್ಞಾನಿ ಯೋಕಿಮ್ ಲಾರ್ಸನ್ ಮತ್ತು ಅವರ ಜೊತೆಗಾರರ ಕೆಲಸವನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆಯನ್ನು ಸಂಸ್ಕರಿಸಿ ಹೊರಬಿಡುವ ನೀರನ್ನು ಅವರು ಪರೀಕ್ಷಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಕ್ಕಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರಲ್ಲ. ಅದನ್ನೇ ಹುಡುಕಲು ಹೊರಟು, ಅದಕ್ಕೆ ತಕ್ಕ ಯಂತ್ರದಲ್ಲಿ ಅಳೆದದ್ದಕ್ಕೆ ಸಿಕ್ಕಿತು. ಬರೀ ಉಪ್ಪು, ಗಡಸುತನ ಅಳೆದಿದ್ದರೆ ಸಿಗುತ್ತಿತ್ತಾ?

ಹಾಗಾಗಿ ಕಾಲುವೆ ನೀರಿನ ಊರಿನವರು ಸೇರಿ ವರ್ಷಕ್ಕೊಮ್ಮೆಯಾದರೂ, ಎಣ್ಣೆ ಹೊಡೆಯುವ ಕಾಲದಲ್ಲಿ, ಲ್ಯಾಬಿನಲ್ಲಿ ಕೀಟನಾಶಕದ ಪರೀಕ್ಷೆ ಮಾಡಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಪರೀಕ್ಷಿಸುವ ಪ್ರಯೋಗಾಲಯ ಇದೆ. ಮೊದಲು ಫೋನ್ ಮಾಡಿ ನೀರಿನ ಮಾದರಿ ಹೇಗೆ ತರಬೇಕು, ಎಷ್ಟು ಖರ್ಚು ಅಂತ ಕೇಳಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಬೇಡ, ಅದರ ಗೋಡೆಗೆ ಕೆಲವು ಕೀಟನಾಶಕ ಅಂಟಿಕೊಳ್ಳುತ್ತವೆ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಒಯ್ಯಿರಿ. ಯಾವ ಯಾವ ಎಣ್ಣೆ ಹೊಡೆದಿದ್ದೀರಿ ಅಂತ ಹೆಸರು ಬರೆದುಕೊಡಿ, ಯಾವುದನ್ನು ಹುಡುಕಬೇಕು ಅಂತ ಅವರಿಗೆ ಗೊತ್ತಾಗಬೇಕಲ್ವಾ.

ಕಿಟ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕೊಳ್ಳುವಾಗ ಬಾಟಲಿಗಳ ಮೇಲಿನ ಅವಧಿಯ ದಿನಾಂಕ ನೋಡಿ, ಔಷಧ ಮುಗಿದರೆ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯವರನ್ನು ಕೇಳಿ.