ಕೆಂಪು ಅಕ್ಷರದ ಆ ಹೆಲ್ಮೆಟ್ ಫೋಟೋ ನಿಮಗೂ ಬಂದಿದ್ದರೆ ಸ್ವಲ್ಪ ತಡೀರಿ

ಹಳೇ ಪೈಲಟ್ ಸೂಟು, ಹೆಲ್ಮೆಟ್ಟು ಕೂಡಿಸುವ ಹುಚ್ಚಿದ್ದವರು ಇದನ್ನು ಓದಿಬಿಡಿ. 62,000 ರೂಪಾಯಿ ಕಳಕೊಂಡೆ. ಅದು ಹೋಗಲಿ, ಒಂದರ್ಧ ನಿಮಿಷ ಜೀವ ಬಾಯಿಗೆ ಬಂದಿತ್ತು.

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಸಾಂಬ್ರಾ ಕಡೆಯಿಂದ ವಿಮಾನದ ಸದ್ದು ಬಂದರೆ ಈ ವಯಸ್ಸಿನಲ್ಲೂ ಅಂಗಳಕ್ಕೆ ಓಡುವವನು ನಾನು. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನ ನಿವೃತ್ತಿಯಾಯಿತಲ್ಲ, ಆಮೇಲೆ ನನ್ನ ವಾಟ್ಸಾಪ್‌ಗೆ ಇಂಥ ಸಾಮಾನಿನ ಫೋಟೋ ಜಾಸ್ತಿ ಬರತೊಡಗಿದವು. ಅದರಲ್ಲಿ ಒಂದು ಬಿಳಿ ಹೆಲ್ಮೆಟ್. ಹಣೆ ಮೇಲೆ ಕೆಂಪು ಬಣ್ಣದಲ್ಲಿ ಸೋವಿಯತ್ ದೇಶದ ಹೆಸರಿನ ನಾಲ್ಕು ರಷ್ಯನ್ ಅಕ್ಷರ.

ಅದನ್ನು ಮಾರುತ್ತಿದ್ದವನು ಫೋನಿನಲ್ಲಿ ಅಂದ: "ಸರ್ರ, ರಾಕೇಶ್ ಶರ್ಮಾ ಹಾಕ್ಕೊಂಡಿದ್ರಲ್ಲ, ಅದ ಮಾಡೆಲ್ ರೀ. ನಿಮಗಂತನ ಇಟ್ಟೀನಿ."

ಇಲ್ಲೇ ನಾನು ಎಡವಿದ್ದು. ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದಾಗ ಹಾಕಿದ್ದು ಸೊಕೋಲ್ ಸೂಟು. ಅದರ ಹೆಲ್ಮೆಟ್ ಬೇರೆ ತೆಗೆಯೋಕೇ ಬರುವುದಿಲ್ಲ. ಬಟ್ಟೆಯ ಟೊಪ್ಪಿಗೆಯಂತೆ ಸೂಟಿಗೇ ಸೇರಿಕೊಂಡಿರುತ್ತದೆ, ಮುಂದೆ ಪಾರದರ್ಶಕ ಮುಚ್ಚಳ ಅಷ್ಟೇ. ಅವರ ಫೋಟೋ ಒಂದನ್ನು ತೆಗೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಫೋನ್ ಇಟ್ಟವನೇ ದುಡ್ಡು ಕಳಿಸಿದೆ.

ನನಗೆ ಬಂದಿದ್ದು ಜಿಎಸ್‌ಎಚ್-4 ಜಾತಿಯದು. ಮಿಗ್-21ರ ಶುರುವಿನ ದಿನಗಳಲ್ಲಿ ತೀರಾ ಎತ್ತರಕ್ಕೆ ಹೋಗುವ ಪೈಲಟ್‌ಗಳ ಹೆಲ್ಮೆಟ್. ಸುಮಾರು 19 ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆ ಅಂದರೆ ನಮ್ಮ ಮೈಯ ಬಿಸಿಗೇ ನೀರು ಕುದಿಯುತ್ತದೆ. ಅದಕ್ಕೆ ಮೈಗೆ ಬಿಗಿಯುವ ಸೂಟು ಬೇಕು. ಕೈಕಾಲಿನ ಉದ್ದಕ್ಕೂ ಟ್ಯೂಬು, ಅದಕ್ಕೆ ಗಾಳಿ ತುಂಬಿದರೆ ಲೇಸು ಎಳೆದು ಬಟ್ಟೆ ಮೈಗೆ ಕಚ್ಚುತ್ತದೆ. ಹೆಲ್ಮೆಟ್ ಆ ಸೂಟಿನ ಜೋಡಿ. ಒಳ್ಳೇ ಸಾಮಾನೇ, ಆದರೆ ಗಗನಯಾತ್ರಿಯದಲ್ಲ.

ಅಕ್ಷರದ ಮೇಲೆ ಅನುಮಾನ ಬಂದಿದ್ದು ಆಮೇಲೆ. ಮೊಟ್ಟಮೊದಲು ಬಾಹ್ಯಾಕಾಶಕ್ಕೆ ಹೋದ ಗಗಾರಿನ್ ಹೆಲ್ಮೆಟ್ ಮೇಲೆ ಇದ್ದದ್ದೂ ಹಾರುವ ಮುಂಚೆ ಕೈಯಿಂದ ಬರೆದ ಅಕ್ಷರವೇ, ಹೀಗಾಗಿ ಸೊಟ್ಟ ಇದ್ದರೂ ಅಸಲಿ ಅಂತಲೇ ಅಂದುಕೊಂಡಿದ್ದೆ. ಒಂದು ಸಂಜೆ ಹತ್ತಿಗೆ ಟರ್ಪಂಟೈನ್ ಹಚ್ಚಿ ಮೊದಲ ಅಕ್ಷರದ ತುದಿ ಒರೆಸಿದೆ. ಹತ್ತಿ ಕುಂಕುಮದ ಹಾಗೆ ಕೆಂಪಾಯಿತು. ಕೆಳಗೆ ಹಳದಿ ತಿರುಗಿದ ಬಿಳಿ ಬಣ್ಣದ ಮೇಲೆ ಹಳೇ ಗೀರುಗಳು. ಗೀರು ಬಿದ್ದು ಎಷ್ಟೋ ವರ್ಷದ ಮೇಲೆ ಅಕ್ಷರ ಬರೆದಿದ್ದಾರೆ!

ಇನ್ನು ನನ್ನ ದಡ್ಡತನ. ಕುತ್ತಿಗೆಯ ರಬ್ಬರ್ ಬಿರುಕು ಬಿಟ್ಟಿತ್ತು. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದೆ. (ಹಳೇ ರಬ್ಬರಿಗೆ ಇದನ್ನು ಮಾತ್ರ ಮಾಡಬೇಡಿ, ಈಗ ಅದು ಹಪ್ಪಳದಂತಾಗಿದೆ.) ಮರುದಿನ ಮೈದುನ ಬಂದಿದ್ದ, ಅವನಿಗೆ ತೋರಿಸೋಣ ಅಂತ ತಲೆಗೆ ಹಾಕಿಕೊಂಡು ಮುಚ್ಚಳ ಇಳಿಸಿದೆ. ಟಕ್ ಅಂತ ಕೂತಿತು. ತೆಗೆಯಲು ಹೋದರೆ ಚಿಲಕ ಅಲ್ಲಾಡಲಿಲ್ಲ.

ಪೈಲಟ್‌ಗೆ ಇದರೊಳಗೆ ಆಕ್ಸಿಜನ್ ಪೈಪಿನಿಂದ ಬರುತ್ತದೆ. ಪೈಪ್ ಕೂಡುವ ತೂತನ್ನು ಮಾರಿದವನು ಎಂ-ಸೀಲ್‌ನಿಂದ ಮುಚ್ಚಿ, ಮೇಲೆ ಬಿಳಿ ಬಣ್ಣ ಬಳಿದಿದ್ದ. ಬಿರುಕಿನಿಂದ ಬರುತ್ತಿದ್ದ ಗಾಳಿಯನ್ನು ನಾನೇ ತೇಪೆ ಹಾಕಿ ನಿಲ್ಲಿಸಿದ್ದೆ. ಗಾಜು ಕ್ಷಣದಲ್ಲಿ ಮಂಜಾಯಿತು. ಅಸಲಿಯಲ್ಲಿ ಗಾಜನ್ನು ಕರೆಂಟಿನಿಂದ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ, ನನ್ನದಕ್ಕೆ ಯಾರೋ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೂರಿಸಿದ್ದರು. ಮೂಗಿನ ತುಂಬ ಸೊಲ್ಯೂಷನ್ ವಾಸನೆ. ಮೈದುನ ನಾನು ತಮಾಷೆ ಮಾಡ್ತಿದ್ದೇನೆ ಅಂದುಕೊಂಡು ವಿಡಿಯೋ ತೆಗೆಯುತ್ತ ನಿಂತಿದ್ದ. ಅಡುಗೆಮನೆಯಿಂದ ಬಂದ ಹೆಂಡತಿ ಚಮಚೆಯ ಹಿಡಿ ತೂರಿಸಿ ಮೀಟಿದಳು.

"ನಿಮಗ ತಲಿ ಕೆಟ್ಟೈತೇನ್ರಿ?" ಅಂದಳು. ಉತ್ತರ ಕೊಡಲು ನನಗೆ ಉಸಿರಿರಲಿಲ್ಲ.

ಮಾರಿದವನ ನಂಬರ್ ಆಗಲೇ ಬಂದ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಆದರೆ ದುಡ್ಡು ಕಳಿಸಿ ಮೂರು ವಾರವಾಗಿತ್ತು. ಅನುಮಾನ ಬಂದ ದಿನವೇ ಮಾಡಬೇಕಿತ್ತು. ನನಗೆ ಬಂದಿದ್ದ ಫೋಟೋ ಎಲ್ಲ ಮುಂದಿನಿಂದ ತೆಗೆದವೇ. ನೀವು ಒಳಗಿನದು ಕೇಳಿ: ಕುತ್ತಿಗೆಯ ರಬ್ಬರ್, ಪೈಪಿನ ತೂತು, ಗಾಜಿನ ವೈರು. ಕೊಡಲು ತಡವರಿಸಿದರೆ ಮುಂದಿನ ಮಾತೇ ಬೇಡ. ಅಸಲಿ ಸಿಕ್ಕರೂ ತಲೆಗೆ ಹಾಕಿ ಮುಚ್ಚಳ ಹಾಕಬೇಡಿ.

ಇಷ್ಟೆಲ್ಲ ಈಗ ಬರೆಯಲು ಕಾರಣ ಇದೆ. ಹೋದ ವಾರ ವಿಜಯಪುರದ ಗೆಳೆಯರೊಬ್ಬರು ಒಂದು ಫೋಟೋ ಕಳಿಸಿ "ತಗೋಬಹುದೇನ್ರಿ?" ಅಂತ ಕೇಳಿದರು. ಬಿಳಿ ಹೆಲ್ಮೆಟ್, ಕೆಂಪು ಅಕ್ಷರ, 70,000. ನನ್ನದರಲ್ಲಿ ಕೊನೆಯ ಅಕ್ಷರದ ಕಾಲು ಬಲಕ್ಕೆ ವಾಲಿದೆ. ಅದರಲ್ಲೂ ವಾಲಿದೆ. ಒಳಗಿನ ಫೋಟೋ ಕೇಳಿ ಅಂದೆ. ಕೇಳಿದ್ದಾರೆ, ಇನ್ನೂ ಬಂದಿಲ್ಲ.