ಉಪ್ಪುನೀರಿನ ಮೀನುಗಳ ಅಂಗಡಿ: ನನ್ನ ಎರಡು ಅನುಭವಗಳು

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಸಮುದ್ರದ ಮೀನುಗಳನ್ನು ಮಾರುವ ಅಂಗಡಿಯ ಯೋಗ್ಯತೆ ತಿಳಿಯುವುದು ಅಲ್ಲಿನ ದೀಪಾಲಂಕಾರದಿಂದಲ್ಲ, ಮಾರುವ ಮೊದಲು ಅಂಗಡಿಯವರು ಕೇಳುವ ಪ್ರಶ್ನೆಗಳಿಂದ. ನಾನು ಮೊದಲು ಹೋದ ಅಂಗಡಿಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಅಲ್ಲಿಂದ ತಂದ ನೀಲಿ ಟ್ಯಾಂಗ್ ಮೀನಿನ ರೆಕ್ಕೆಗಳ ಮೇಲೆ ನಾಲ್ಕನೆಯ ದಿನ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಮೂಡಿ, ವಾರ ತುಂಬುವುದರೊಳಗೆ ಅದು ಸತ್ತುಹೋಯಿತು. ಆ ನೋವು ಇನ್ನೂ ಮಾಸಿಲ್ಲ.

ಈಗ ನಾನು ಹೋಗುವ ಅಂಗಡಿಯವರು ಮೊದಲ ಭೇಟಿಯಲ್ಲಿ ನನಗೆ ಮೀನನ್ನೇ ಕೊಡಲಿಲ್ಲ. ನನ್ನ ತೊಟ್ಟಿಯಿಂದ ಒಯ್ದಿದ್ದ ನೀರನ್ನು ಪರೀಕ್ಷಿಸಿ, ಮೀನಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ, ಅಂದರೆ ಸಾಮಾನ್ಯವಾಗಿ 4ರಿಂದ 6 ವಾರ, ಕಾಯಬೇಕೆಂದು ತಾಳ್ಮೆಯಿಂದ ವಿವರಿಸಿದರು. ಹೊಸದಾಗಿ ಬಂದ ಮೀನುಗಳನ್ನು ಅವರು ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ, ಗ್ರಾಹಕರ ಎದುರಿಗೇ ಆಹಾರ ಹಾಕಿ ತೋರಿಸುತ್ತಾರೆ. ತಿನ್ನದ ಮೀನನ್ನು ಎಷ್ಟು ಕೇಳಿದರೂ ಮಾರುವುದಿಲ್ಲ. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆಯಾದ 1.025ರ ಗೆರೆಯನ್ನು ಓದುವುದನ್ನು ನಾನು ಕಲಿತದ್ದೂ ಅಲ್ಲಿಯೇ. ಹವಳಗಳ ಆಯ್ಕೆ ಮಾತ್ರ ಅಲ್ಲಿ ತೀರಾ ಕಡಿಮೆ. ಆದರೆ ಅಲ್ಲಿ ಕೊಂಡ ಜೋಡಿ ಕ್ಲೌನ್ ಮೀನುಗಳು ಆರೋಗ್ಯವಾಗಿವೆ. ಕೈಯ ನೆರಳು ಕಂಡೊಡನೆ ಮೇಲೇರಿ ಬರುತ್ತವೆ.