ಹಳೆ ಆಟೋಮ್ಯಾಟಿಕ್ ಕಾರು ಇರೋರು ದಯವಿಟ್ಟು ಓದಿ: ಬಿಚ್ಚದೇ ಇದ್ದ ಗೇರ್‌ಬಾಕ್ಸಿಗೆ 78 ಸಾವಿರ ಕೊಟ್ಟು ಬಂದೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ಸಲ ಬರೆದು ಅಳಿಸಿದೆ. ಆದರೂ ಹಾಕುತ್ತಿದ್ದೇನೆ, ಯಾಕಂದ್ರೆ ನನ್ನ ಹಾಗೆ ಗೇರ್‌ಬಾಕ್ಸ್ ಒಳಗೆ ಏನಿದೆ ಅಂತ ಗೊತ್ತಿಲ್ಲದವರೇ ಜಾಸ್ತಿ, ನಮಗೆ ಗೊತ್ತಿಲ್ಲ ಅನ್ನೋದೇ ಇಂಥವರ ಬಂಡವಾಳ.

ನನ್ನದು 2010ರ ಹೋಂಡಾ ಸಿಟಿ, 5 ಗೇರಿನ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್. ಕಾರಿನ ತಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಗೊಂಡು ಐದು ವರ್ಷ ಆಯ್ತು, ಎಂಜಿನ್ ಆಯಿಲ್ ಸರಿಯಾಗಿ ಬದಲಾಯಿಸಿದ್ದೀನಿ, ಗೇರ್‌ಬಾಕ್ಸ್ ಆಯಿಲ್ ಒಂದು ಸಲವೂ ಇಲ್ಲ. ಬದಲಾಯಿಸಬೇಕು ಅನ್ನೋದೇ ತಲೆಗೆ ಬಂದಿರಲಿಲ್ಲ.

ಯುಗಾದಿಗೆ ಮೂರು ವಾರ ಇರುವಾಗ ಶುರುವಾಯ್ತು. ಬೆಳಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿ ಬಿಸಿಯಾದ ಮೇಲೆ 2ರಿಂದ 3ಕ್ಕೆ ಬೀಳುವಾಗ ಧಡ್ ಅಂತ ಒದೆಯುತ್ತದೆ, ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಕೆಲವು ಸಲ ಎಂಜಿನ್ ಕೂಗುತ್ತದೆ, ಗಾಡಿ ಎಳೆಯೋದಿಲ್ಲ. ಆಮೇಲೆ ಮೀಟರಿನಲ್ಲಿ ಡಿ ಅನ್ನೋ ಅಕ್ಷರ ಮಿಣಮಿಣ ಅನ್ನೋಕೆ ಶುರು ಮಾಡಿತು.

ಮೈಸೂರು ರಸ್ತೆ ಕಡೆ ಒಂದು ಗ್ಯಾರೇಜ್, ಆಟೋಮ್ಯಾಟಿಕ್ ಸ್ಪೆಷಲಿಸ್ಟ್ ಅಂತ ದೊಡ್ಡ ಬೋರ್ಡು. ಹೆಸರು ಹಾಕೋದಿಲ್ಲ, ಕೈಯಲ್ಲಿ ಬಿಲ್ ಇಲ್ಲ, ಯಾಕಿಲ್ಲ ಅಂತ ಮುಂದೆ ಬರುತ್ತದೆ. ಓನರ್ ಬಂದ, ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ನೋಡೋ ಕಡ್ಡಿ) ಎಳೆದ, ಮೂಸಿದ, ತಲೆ ಆಡಿಸಿದ. "ಆಯಿಲ್ಲೇ ಇಲ್ಲ ಸಾರ್. ಒಳಗೆ ಕ್ಲಚ್ ಪ್ಲೇಟ್ ಎಲ್ಲ ಸುಟ್ಟೋಗಿದೆ. ಹಿಂಗೇ ಓಡ್ಸಿದ್ರೆ ರೋಡಲ್ಲೇ ನಿಲ್ಲುತ್ತೆ, ಫ್ಯಾಮಿಲಿ ಇರ್ತಾರೆ, ನೋಡಿ ನಿಮ್ಮಿಷ್ಟ." ಸ್ಕ್ಯಾನರ್ ಹಾಕಲೇ ಇಲ್ಲ. ಡಿ ಲೈಟ್ ಮಿಣುಕುತ್ತಿದೆ, ಕಾರಿನ ಕಂಪ್ಯೂಟರ್ ಒಳಗೆ ಏನೋ ತೊಂದರೆಯ ಕೋಡ್ ಬರೆದುಕೊಂಡಿದೆ ಅಂತ ಅರ್ಥ, ಸ್ಕ್ಯಾನರ್‌ನಿಂದ ಅದನ್ನು ಓದದೆ ಪ್ಲೇಟ್ ಸುಟ್ಟಿದೆ ಅಂದ. ನಾನು ಹೂಂ ಅಂದೆ. ಕಂಪ್ಯೂಟರ್ ಕೆಲಸ ಮಾಡೋ ಮನುಷ್ಯ ನಾನು, ದಿನವಿಡೀ ಬೇರೆಯವರಿಗೆ "ಲಾಗ್ ನೋಡಿದ್ರಾ?" ಅಂತ ಕೇಳೋನು.

ಮನೆಯಲ್ಲಿ ಹೆಂಡತಿ ಹೇಳಿದಳು, "ರೀ, ಇನ್ನೊಂದು ಕಡೆ ತೋರಿಸಬಾರದಾ?" ಹಬ್ಬಕ್ಕೆ ಊರಿಗೆ ಹೋಗೋದಿದೆ, ಟೈಮ್ ಇಲ್ಲ ಅಂದೆ. ಗೇರ್‌ಬಾಕ್ಸ್ ಬಿಚ್ಚಿ ಪ್ಲೇಟ್ ಬದಲಾಯಿಸೋಕೆ 78 ಸಾವಿರಕ್ಕೆ ಮಾತಾಯಿತು, 40 ಸಾವಿರ ಅಡ್ವಾನ್ಸ್. ಬಿಲ್ ಕೇಳಿದ್ದಕ್ಕೆ, "ಬೇಕಂದ್ರೆ ಕೊಡ್ತೀನಿ ಸಾರ್, ಜಿಎಸ್‌ಟಿ ಸೇರುತ್ತೆ, ಸುಮ್ನೆ ನಿಮಗೇ ಲಾಸ್." ಬೇಡ ಬಿಡಿ ಅಂದೆ. ನಾನೇ ಅಂದೆ.

ಹತ್ತು ದಿನ ಅಂದವನು 24 ದಿನ ಇಟ್ಟುಕೊಂಡ. ಯುಗಾದಿಗೆ ಬಸ್ಸಿನಲ್ಲಿ ಹೋದೆವು. ಮಧ್ಯದಲ್ಲಿ ಒಂದು ದಿನ ಕರೆಸಿ ತೋರಿಸಿದ. ಈ ಭಾಗ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಂದು ನೀಲಿ ಪ್ಲಾಸ್ಟಿಕ್ ಟ್ರೇ. ಅದರ ತುಂಬ ಕಪ್ಪಗೆ ಸುಟ್ಟ ಕ್ಲಚ್ ಪ್ಲೇಟುಗಳು, ಪಕ್ಕದಲ್ಲಿ ಒಂದು ಗೇರ್ ಸೆಟ್, ನಡುವೆ ಒಂದು ಗೇರು, ಅದರ ಸುತ್ತ ಮೂರು ಸಣ್ಣ ಗೇರು. "ನೋಡಿ ಸಾರ್ ನಿಮ್ದು ಹೆಂಗಾಗಿದೆ." ನಾನು ಅದನ್ನು ಮುಟ್ಟಿ ನೋಡಿ, ಬೆರಳಿಗೆ ಮಸಿ ಹತ್ತಿಸಿಕೊಂಡು, ಅಯ್ಯೋ ಪಾಪ ಅಂತ ನನ್ನ ಕಾರಿನ ಬಗ್ಗೆ ಮರುಗಿ, ಫೋಟೋ ಹೊಡೆದು ಮನೆಯವರಿಗೆಲ್ಲ ಕಳಿಸಿದೆ! "ಸರಿಯಾದ ಟೈಮಿಗೆ ಕೊಟ್ಟಿದ್ದು ಒಳ್ಳೇದಾಯ್ತು" ಅಂತ ಬೇರೆ ಬರೆದೆ.

ಉಳಿದ 38 ಸಾವಿರ ಕೊಟ್ಟು ಗಾಡಿ ತಂದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ನೆಲಮಂಗಲ ದಾಟಿದ ಮೇಲೆ ಧಡ್. ಡಿ ಮತ್ತೆ ಮಿಣಮಿಣ. ಫೋನ್ ಮಾಡಿದೆ. "ಹೊಸ ಪ್ಲೇಟ್ ಅಲ್ವಾ ಸಾರ್, ಸೆಟ್ ಆಗಬೇಕು, 500 ಕಿಲೋಮೀಟರ್ ಓಡ್ಸಿ." ಓಡಿಸಿದೆ. "ಪೆಟ್ರೋಲ್ ಎಲ್ಲಿ ಹಾಕ್ಸಿದ್ರಿ ಸಾರ್?" ಪೆಟ್ರೋಲಿಗೂ ಗೇರಿಗೂ ಏನ್ರೀ ಸಂಬಂಧ ಅಂದೆ. "ನೀವು ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀರ ಅನ್ಸುತ್ತೆ." ಆಮೇಲೆ ಫೋನ್ ಎತ್ತೋದನ್ನೇ ನಿಲ್ಲಿಸಿದ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬೀಳುತ್ತದೆ, ಉತ್ತರ ಇಲ್ಲ.

ತುಮಕೂರಿನಲ್ಲಿ ನಮ್ಮ ಮಾವ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಸ್ಕ್ಯಾನರ್ ಚುಚ್ಚಿದರು. ಪಿ0847 ಅಂತ ಬಂತು. ಗೇರ್‌ಬಾಕ್ಸ್ ಆಯಿಲಿನ ಒತ್ತಡ ನೋಡುವ ಸ್ವಿಚ್ಚಿನ ಕಡೆಯ ತೊಂದರೆಯಂತೆ. ಸ್ವಿಚ್ಚು ಹೊರಗಡೆಯೇ ಕೂತಿರುತ್ತದೆ, ಅದಕ್ಕೆ ಗೇರ್‌ಬಾಕ್ಸ್ ಇಳಿಸೋದೇ ಬೇಡ. ಆಮೇಲೆ ಕಾರಿನ ಕೆಳಗೆ ಟಾರ್ಚ್ ಹಿಡಿದು ನನ್ನನ್ನೂ ಕರೆದರು. "ಸ್ವಾಮಿ, ಗೇರ್‌ಬಾಕ್ಸ್ ಬಿಚ್ಚಬೇಕು ಅಂದ್ರೆ ಇಳಿಸಬೇಕು. ಇಳಿಸಬೇಕು ಅಂದ್ರೆ ಈ ಬೋಲ್ಟ್‌ಗಳಿಗೆಲ್ಲ ಪಾನಾ ಹಾಕಬೇಕು. ನೋಡಿ." ಬೋಲ್ಟಿನ ಮೇಲೆ ತುಕ್ಕು, ತುಕ್ಕಿನ ಮೇಲೆ ವರ್ಷಗಟ್ಟಲೆಯ ಮಣ್ಣು, ಕಲ್ಲಿನ ಹಾಗೆ ಗಟ್ಟಿಯಾಗಿದೆ. ಒಂದು ಗೀರೂ ಇಲ್ಲ.

ಡ್ರೈನ್ ಮಾಡಿದರೆ ಡಿಕಾಕ್ಷನ್ ಬಣ್ಣದ ಆಯಿಲ್, ಸುಟ್ಟ ವಾಸನೆ. ಹೊಸ ಪ್ಲೇಟ್ ಹಾಕಿದ ಗೇರ್‌ಬಾಕ್ಸಂತೆ ಇದು.

ನನಗೆ ಇನ್ನೂ ಆಸೆ. ಫೋನ್ ತೆಗೆದು ಟ್ರೇ ಫೋಟೋ ತೋರಿಸಿ, ಇಲ್ಲ ಬಿಚ್ಚಿದ್ದಾರೆ, ನಾನೇ ಕಣ್ಣಾರೆ ನೋಡಿದೆ ಅಂತ ವಾದ ಮಾಡಿದೆ. ಅವರು ಫೋಟೋ ದೊಡ್ಡದು ಮಾಡಿ ಆ ಸುತ್ತಮುತ್ತ ಗೇರಿನ ಸೆಟ್ ನೋಡಿ ನಕ್ಕರು. ನನ್ನ ಕಾರಿನ ಕಾಲದ ಹೋಂಡಾ ಆಟೋಮ್ಯಾಟಿಕ್‌ನಲ್ಲಿ ಅಂಥ ಗೇರೇ ಇರೋದಿಲ್ಲವಂತೆ. ಮ್ಯಾನ್ಯುಯಲ್ ಗಾಡಿಯ ಹಾಗೆ ಶಾಫ್ಟಿನ ಪಕ್ಕ ಶಾಫ್ಟ್, ಅದರ ಮೇಲೆ ಸಾಲಾಗಿ ಗೇರು. "ಇದು ಬೇರೆ ಕಂಪನಿ ಗಾಡೀದು ಸ್ವಾಮಿ. ನಿಮ್ಮ ಗಾಡಿ ಒಳಗೆ ಇದನ್ನ ಇಡೋಕೆ ಜಾಗಾನೇ ಇಲ್ಲ." ಮಾವ ಏನೂ ಅನ್ನಲಿಲ್ಲ. "ಟೀ ಕುಡಿಯೋಣ ಬನ್ನಿ ಅಳಿಯಂದ್ರೇ" ಅಂದರು. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಹಾಗಾದರೆ ಆ ಎರಡು ದಿನ ಚೆನ್ನಾಗಿದ್ದಿದ್ದು ಹೇಗೆ? ಬ್ಯಾಟರಿ ತಂತಿ ಕಿತ್ತು ಹಾಕಿರುತ್ತಾನೆ, ಕೋಡ್ ಅಳಿಸಿ ಲೈಟ್ ಹೋಗಿರುತ್ತದೆ, ತೊಂದರೆ ಮತ್ತೆ ಕಂಡಾಗ ವಾಪಸ್ ಬಂದಿದೆ ಅಂದರು ಮೆಕ್ಯಾನಿಕ್. "ಆಯಿಲ್ಲೇ ಇಲ್ಲ" ಅಂದಿದ್ದೂ ಡ್ರಾಮಾ. ಈ ಕಾರಿನಲ್ಲಿ ಬಿಸಿ ಮಾಡಿ, ಎಂಜಿನ್ ಆಫ್ ಮಾಡಿ, ಒಂದು ಒಂದೂವರೆ ನಿಮಿಷದೊಳಗೆ ಡಿಪ್‌ಸ್ಟಿಕ್ ನೋಡಬೇಕಂತೆ. ಬೇರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಓಡುವಾಗ ನೋಡೋದು ಸರಿ, ಇದರಲ್ಲಿ ಹಾಗೆ ನೋಡಿದರೆ ಕಮ್ಮಿಯೇ ತೋರಿಸುತ್ತದೆ.

ಎರಡು ಪ್ರೆಷರ್ ಸ್ವಿಚ್ ಹೊಸದು ಹಾಕಿದರು. ಆಯಿಲ್ ಮೂರು ಸಲ ಬದಲಾಯಿಸಿದರು, ಯಾಕಂದ್ರೆ ಒಂದು ಸಲ ಡ್ರೈನ್ ಮಾಡಿದರೆ ಸುಮಾರು ಎರಡೂವರೆ ಲೀಟರ್ ಮಾತ್ರ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್ ಅಲ್ಲಿ ಇಲ್ಲಿ ಒಳಗೇ ಇರುತ್ತದೆ. ಓಡಿಸಿ, ಇಳಿಸಿ, ಮತ್ತೆ ಓಡಿಸಬೇಕು. ಹೋಂಡಾದ ಗೇರ್‌ಬಾಕ್ಸ್ ಆಯಿಲ್ ಮೊದಲು ಝಡ್1 ಅಂತ ಬರುತ್ತಿತ್ತು, ಅದರ ಬದಲಿಗೆ ಬಂದ ಡಿಡಬ್ಲ್ಯೂ1 ಹಾಕಿದರು. ಎಲ್ಲ ಸೇರಿ 11,400. ಬಿಲ್ ಸಮೇತ. ನಾಲ್ಕು ತಿಂಗಳಾಯ್ತು, ಡಿ ಮಿಣುಕಿಲ್ಲ. ತುಂಬ ಬಿಸಿಲಲ್ಲಿ 2ರಿಂದ 3ಕ್ಕೆ ಸ್ವಲ್ಪ ತಟ್ಟುತ್ತದೆ. ಅಷ್ಟು ವರ್ಷ ಕೊಳೆ ಆಯಿಲಿನಲ್ಲಿ ಓಡಿಸಿದ ಪಾಪ ನನ್ನದು, ಒಪ್ಪಿಕೊಳ್ಳುತ್ತೇನೆ.

ಆಮೇಲೆ ಆ ಗ್ಯಾರೇಜಿಗೆ ಹೋಗಿ ಜಗಳ ಆಡಿದೆ. ಬೋಲ್ಟ್ ಫೋಟೋ ತೋರಿಸಿದರೆ, "ಅದು ಬೇರೆ ಬೋಲ್ಟ್ ಸಾರ್." ಗೇರ್ ಸೆಟ್ ಬಗ್ಗೆ ಕೇಳಿದರೆ, "ಹುಡುಗರು ಮಿಕ್ಸ್ ಮಾಡಿರ್ತಾರೆ." ದುಡ್ಡು ವಾಪಸ್ ಕೊಡಿ ಅಂದರೆ, "ಯಾವ ದುಡ್ಡು ಸಾರ್? ಬಿಲ್ ಇದೆಯಾ?" ನಗುತ್ತಾ ಕೇಳಿದ ಆ ಮನುಷ್ಯ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಅವರೂ ಬಿಲ್ ಕೇಳಿದರು. 40 ಸಾವಿರಕ್ಕೆ ಯುಪಿಐ ದಾಖಲೆ ಇದೆ, ಅದನ್ನು ಹಿಡಿದು ಓಡಾಡುತ್ತಿದ್ದೇನೆ. ಉಳಿದ 38 ಕ್ಯಾಶ್ ಕೊಟ್ಟಿದ್ದೆ. ಹೌದು, ಕ್ಯಾಶ್. ಬೈಬೇಡಿ, ಮನೆಯಲ್ಲಿ ಸಾಕಷ್ಟು ಆಗಿದೆ.

ಗೇರ್ ಒದೆಯುತ್ತಿದ್ದರೆ ಮೊದಲು ಕೋಡ್ ಓದಿಸಿ, ಆ ನಂಬರ್ ನೀವೇ ಬರೆದುಕೊಳ್ಳಿ. ಸರಿಯಾದ ಆಯಿಲ್ ಬದಲಾಯಿಸಿ ನೋಡುವ ತನಕ ಗೇರ್‌ಬಾಕ್ಸ್ ಬಿಚ್ಚೋ ಮಾತಿಗೆ ಒಪ್ಪಬೇಡಿ. ಬಿಚ್ಚಲೇಬೇಕು ಅಂದರೆ, ಇಳಿಸಿದ ಬಾಕ್ಸನ್ನು ನಿಮ್ಮ ಕಾರಿನ ಪಕ್ಕದಲ್ಲೇ ಇಟ್ಟು ತೋರಿಸಿ ಅನ್ನಿ. ಬಿಲ್ ಬಿಡಬೇಡಿ, ಹೆಂಡತಿ ಮಾತು ಕೇಳಿ.

ಇನ್ನೊಂದು. ಆ ಟ್ರೇ ನೀಲಿ ಬಣ್ಣದ್ದು, ಎಡಗಡೆ ಮೂಲೆ ಒಡೆದಿದೆ, ತಂತಿ ಕಟ್ಟಿದ್ದಾರೆ. ಮೈಸೂರು ರಸ್ತೆ ಕಡೆ ನಿಮಗೂ ಯಾರಾದರೂ ಅದೇ ಟ್ರೇ ತೋರಿಸಿ "ನಿಮ್ದು ನೋಡಿ ಸಾರ್" ಅಂದಿದ್ದರೆ ನನಗೆ ಮೆಸೇಜ್ ಮಾಡಿ, ಫೋಟೋ ಹೋಲಿಸಿ ನೋಡೋಣ.